ಹಿತ್ತಲಿನಲ್ಲಿ ಗಸಗಸೆ ಬಿತ್ತುವ ಮುನ್ನ

ಅಂಗಡಿಯಲ್ಲಿ ಮುಕ್ತವಾಗಿ ಸಿಗುವ ಗಸಗಸೆಯನ್ನು ಹಿತ್ತಲಿನಲ್ಲಿ ನಾಲ್ಕು ಸಾಲು ಬಿತ್ತಿದರೆ ತಪ್ಪೇನು ಎಂದು ತಾವು ಕೇಳಿದ್ದೀರಿ. ದಯವಿಟ್ಟು ಬಿತ್ತಬೇಡಿ. ಪಾಯಸಕ್ಕೆ ರುಬ್ಬುವ ಆ ಕಾಳು ಅಫೀಮಿನ ಗಿಡದ್ದೇ ಬೀಜ. 1985ರ ಮಾದಕ ದ್ರವ್ಯ ಕಾಯ್ದೆಯು ಬೀಜದ ಮಾರಾಟವನ್ನು ತಡೆಯದಿದ್ದರೂ, ಪರವಾನಗಿಯಿಲ್ಲದೆ ಗಿಡವನ್ನು ಬೆಳೆಸುವುದು, ಅದು ಎಷ್ಟೇ ಕಡಿಮೆಯಿರಲಿ, ಜೈಲುಶಿಕ್ಷೆಗೆ ಗುರಿಮಾಡುವ ಅಪರಾಧ. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆ ಪರವಾನಗಿ ಪಡೆದ ರೈತರು ಹಸಿರು ಕಾಯಿಗೆ ಗೀರು ಹಾಕಿ, ರಾತ್ರಿಯೆಲ್ಲ ಒಸರಿ ಕಂದುಬಣ್ಣಕ್ಕೆ ತಿರುಗಿದ ಹಾಲನ್ನು, ಅಂದರೆ ಅಫೀಮನ್ನು, ಮರುದಿನ ಬೆಳಿಗ್ಗೆ ಕೆರೆದು ತೆಗೆದು, ಅಷ್ಟನ್ನೂ ಸರ್ಕಾರಕ್ಕೇ ಒಪ್ಪಿಸಬೇಕು. ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸುವ ಮಾರ್ಫಿನ್ ಅಫೀಮಿನ ಗಿಡದಿಂದಲೇ ದೊರೆಯುವುದರಿಂದ, ಈ ಬೆಳೆಯನ್ನು ಬರೀ ಕೆಡುಕೆಂದು ನಾನು ಎಣಿಸಲಾರೆ. ಕೊನೆಗೆ ಒಣಗಿದ ಅದೇ ಕಾಯಿಯನ್ನು ಒಡೆದಾಗ ಉದುರುವುದೇ ನಮ್ಮ ಅಡುಗೆಮನೆಯ ಗಸಗಸೆ.