ಇಬ್ಬರಿಗೂ ಕಿವಿ ಕೇಳದು, ಹಾಗಾದರೆ ಮಕ್ಕಳು ಬೇಡವೇ?

ಪ್ರಶ್ನೆ: ನನ್ನ ಅಣ್ಣ, ಅತ್ತಿಗೆ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ನಮ್ಮ ಅಮ್ಮ ತನ್ನ ಸೋದರಮಾವನನ್ನೇ ಮದುವೆಯಾದವರು. ಅಮ್ಮ, ಅಪ್ಪ, ನನಗೆ ಕಿವಿ ಸರಿಯಾಗಿದೆ. ಹುಟ್ಟುವ ಮಗುವೂ ಕಿವುಡಾದರೆ ನೋಡಿಕೊಳ್ಳುವವರು ಯಾರು, ಅತ್ತಿಗೆಗೆ ಈಗಲೇ ಮಕ್ಕಳಾಗದಂತೆ ಆಪರೇಷನ್ ಮಾಡಿಸೋಣ ಎಂದು ಅಮ್ಮ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆಪರೇಷನ್ ಮಾತು ನಿಲ್ಲಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಅಂಗವಿಕಲ ವ್ಯಕ್ತಿ ತಿಳಿದು, ಒತ್ತಾಯವಿಲ್ಲದೆ ಒಪ್ಪದ ಹೊರತು ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಅತ್ತೆಯ ಸಹಿ, ಗಂಡನ ಸಹಿ ಇದಕ್ಕೆ ಬದಲಿಯಾಗದು. ಸಿಸೇರಿಯನ್ ಕಾಗದಗಳ ನಡುವೆ ಸಂತಾನಹರಣದ ಫಾರಂ ಸೇರಿಸಿ ನೋವಿನಲ್ಲಿರುವವಳಿಂದ ಹಾಕಿಸಿಕೊಂಡ ಸಹಿಯೂ ಒಪ್ಪಿಗೆಯಲ್ಲ.

ಇನ್ನು ಮಗುವೂ ಕಿವುಡಾಗುತ್ತದೆ ಎಂಬ ಭಯ. ಇಬ್ಬರೂ ಕಿವುಡರು ಎಂದಮಾತ್ರಕ್ಕೆ ಹಾಗಾಗಬೇಕೆಂದಿಲ್ಲ. ಇಬ್ಬರಲ್ಲೂ ಒಂದೇ ಜೀನ್‌ನ (ವಂಶವಾಹಿಯ) ಎರಡೂ ಪ್ರತಿಗಳು ಕೆಟ್ಟಿದ್ದರೆ ಮಕ್ಕಳೆಲ್ಲರೂ ಕಿವುಡರಾಗುತ್ತಾರೆ. ಬೇರೆ ಬೇರೆ ಜೀನ್‌ಗಳಲ್ಲಿ ದೋಷವಿದ್ದರೆ ಮಕ್ಕಳಿಗೆ ಸಾಮಾನ್ಯವಾಗಿ ಕಿವಿ ಕೇಳಿಸುತ್ತದೆ. ಅವರು ಬರೀ ವಾಹಕರು, ಅಂದರೆ ಕೆಟ್ಟ ಪ್ರತಿ ಒಂದೇ ಇದ್ದು ತಮಗೆ ತೊಂದರೆಯಿಲ್ಲದವರು. ಅತ್ತಿಗೆಯ ಕಿವುಡುತನ ಅವರ ತಾಯಿಗೆ ಬಸಿರಿನಲ್ಲಿ ಬಂದ ರುಬೆಲ್ಲಾ ಸೋಂಕಿನಿಂದಲೋ, ಹುಟ್ಟಿದಾಗಿನ ತೀವ್ರ ಕಾಮಾಲೆಯಿಂದಲೋ ಆಗಿದ್ದರೆ ಅದು ಮಗುವಿಗೆ ಹೋಗುವುದೇ ಇಲ್ಲ.

ಇದನ್ನು ತಿಳಿಯಲು ಅವರಿಬ್ಬರಿಗೂ ಇಷ್ಟವಿದ್ದರೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಲಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಈ ಸಲಹೆ ಸಿಗುತ್ತದೆ. ಇಬ್ಬರ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ವರದಿ), ಹಳೆಯ ಆಸ್ಪತ್ರೆ ಚೀಟಿಗಳು, ಎರಡೂ ಕಡೆಯ ಮೂರು ತಲೆಮಾರಿನ ವಂಶವೃಕ್ಷ ಕೈಯಲ್ಲಿರಲಿ. ಯಾರು ಯಾರಿಗೆ ಸಂಬಂಧದಲ್ಲೇ ಮದುವೆಯಾಗಿದೆ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಪರೀಕ್ಷೆಗೆ ಬೇಕಾದದ್ದು 3–5 ಮಿಲಿಲೀಟರ್ ರಕ್ತ. ಸಾಮಾನ್ಯವಾಗಿ ಮೊದಲು ನೋಡುವುದು ಕನೆಕ್ಸಿನ್ 26 ಪ್ರೋಟೀನ್ ತಯಾರಿಸುವ ಜಿಜೆಬಿ2 ಜೀನನ್ನು; ಅಲ್ಲಿ ಸಿಗದಿದ್ದರೆ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪ್ಯಾನೆಲ್. ಏನೂ ಸಿಗದಿದ್ದರೆ ವಂಶವಾಹಿ ಕಾರಣವೇ ಇಲ್ಲ ಎಂದು ತೀರ್ಮಾನಿಸಬೇಡಿ. ಜೊತೆಗೆ ಇಬ್ಬರಿಗೂ ಇಸಿಜಿ ಮಾಡಿಸಿ: ಹುಟ್ಟುಕಿವುಡುತನದ ಒಂದು ಅಪರೂಪದ ಬಗೆಯಲ್ಲಿ ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯವಾಗುತ್ತದೆ.

ಈ ಕೌನ್ಸೆಲಿಂಗ್ ಹೆಚ್ಚಾಗಿ ಕೆಡುವುದು ಭಾಷೆಯಲ್ಲಿ. ವೈದ್ಯರು ಹೇಳಿದ್ದನ್ನು ಮನೆಯವರು ಸನ್ನೆಯಲ್ಲಿ ಹೇಳುತ್ತಾರೆ; ‘25 ಪರ್ಸೆಂಟ್ ಸಂಭವ’ ಎಂಬುದು ‘ಮಕ್ಕಳು ಬೇಡವಂತೆ’ ಎಂದಾಗಿಬಿಡುತ್ತದೆ. ಹಾಗಾಗಿ ನೀವಾಗಲಿ ಅಮ್ಮನಾಗಲಿ ದುಭಾಷಿಗಳಾಗಬೇಡಿ. ತರಬೇತಿ ಪಡೆದ ಸನ್ನೆ ಭಾಷೆಯ ದುಭಾಷಿ ಬೇಕೆಂದು ಮುಂಚೆಯೇ ಕೇಳಿ, ಫಲಿತಾಂಶವನ್ನು ಆ ದಂಪತಿಗೇ ಹೇಳಿಸಿ. ತಿಳಿದ ಮೇಲೆ ಮಗು ಬೇಕೋ ಬೇಡವೋ, ಎಷ್ಟು ಬೇಕು ಎಂಬುದು ಅವರಿಬ್ಬರದೇ ತೀರ್ಮಾನ. ಪರೀಕ್ಷೆಯೇ ಬೇಡ ಎಂದರೂ ಸರಿ.

ಪ್ರಶ್ನೆ: ವಂಶವಾಹಿ ದೋಷ ಇರುವವರು ಮಕ್ಕಳು ಹೆರದಂತೆ ಸರ್ಕಾರವೇ ತಡೆದರೆ ಕೆಲವು ತಲೆಮಾರಿನಲ್ಲಿ ಈ ಕಾಯಿಲೆಗಳೇ ಇಲ್ಲವಾಗುವುದಿಲ್ಲವೇ? ಇದರಲ್ಲಿ ತಪ್ಪೇನು?

ಉತ್ತರ: ಇಲ್ಲವಾಗುವುದಿಲ್ಲ. 10,000 ಜನರಲ್ಲಿ ಒಬ್ಬರಿಗೆ ಬರುವ ಒಂದು ರಿಸೆಸಿವ್ ಕಾಯಿಲೆ (ಜೀನ್‌ನ ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ಬರುವಂಥದ್ದು) ತೆಗೆದುಕೊಳ್ಳಿ. ಆ ಒಬ್ಬರಲ್ಲಿ ದೋಷದ ಜೀನ್‌ನ ಎರಡು ಪ್ರತಿಗಳಿರುತ್ತವೆ. ಅದೇ 10,000 ಜನರಲ್ಲಿ ಸುಮಾರು 198 ಮಂದಿ ಆರೋಗ್ಯವಂತ ವಾಹಕರು, ತಲಾ ಒಂದು ಪ್ರತಿಯಂತೆ 198. ಅಂದರೆ ನೂರಕ್ಕೆ 99 ಪ್ರತಿಗಳು ಕಾಯಿಲೆಯ ಗುರುತೇ ಇಲ್ಲದವರಲ್ಲಿವೆ. ಕಾಯಿಲೆ ಇರುವವರು ಒಬ್ಬರೂ ಮಕ್ಕಳು ಹೆರದಂತೆ ಪ್ರತಿ ತಲೆಮಾರಿನಲ್ಲೂ ತಡೆದರೂ ಆ ಜೀನ್‌ನ ಪ್ರಮಾಣ ಅರ್ಧಕ್ಕಿಳಿಯಲು 100 ತಲೆಮಾರು, ಅಂದರೆ ಸುಮಾರು 2,500 ವರ್ಷ ಬೇಕು. ಒಂದೇ ಪ್ರತಿ ಕೆಟ್ಟರೂ ಕಾಯಿಲೆ ತರುವ ಪ್ರಬಲ ಜೀನ್‌ಗಳ ವಿಷಯದಲ್ಲೂ ಇದೇ ಪಾಡು: ಕುಬ್ಜತೆ ತರುವ ಅಕಾಂಡ್ರೊಪ್ಲೇಸಿಯಾ ಇರುವವರಲ್ಲಿ ಸುಮಾರು 80 ಪರ್ಸೆಂಟ್ ಮಂದಿ ಸಾಮಾನ್ಯ ಎತ್ತರದ ತಂದೆತಾಯಿಗೆ, ಹೊಸ ರೂಪಾಂತರದಿಂದ ಹುಟ್ಟಿದವರು.

ಮೇಲಿನ ಕುಟುಂಬವನ್ನೇ ನೋಡಿ. ಅಣ್ಣನದು ರಿಸೆಸಿವ್ ದೋಷವಾಗಿದ್ದರೆ ಕಿವಿ ಸರಿಯಿರುವ ಅಪ್ಪ, ಅಮ್ಮ ಇಬ್ಬರೂ ವಾಹಕರು. ಪತ್ರ ಬರೆದವರು ವಾಹಕರಾಗಿರುವ ಸಂಭವ ಮೂರರಲ್ಲಿ ಎರಡು. ಅವರಿಗೆ ಆಪರೇಷನ್ ಮಾಡಿಸಿ ಎಂದು ಯಾರೂ ಹೇಳುತ್ತಿಲ್ಲ, ಹೇಳಲೂ ಬಾರದು. ಒಂದೇ ಜೀನ್ ಹೊತ್ತವರಲ್ಲಿ ಅದು ಕಣ್ಣಿಗೆ ಕಂಡವರನ್ನು ಮಾತ್ರ ಶಿಕ್ಷಿಸುವುದು ಆರೋಗ್ಯ ನೀತಿಯಲ್ಲ, ಅನ್ಯಾಯ.

ಈ ದಾರಿಯಲ್ಲಿ ನಡೆದ ದೇಶಗಳಿವೆ. ವರ್ಜೀನಿಯಾದ ಸಂತಾನಹರಣ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. ಆ ದೇಶದಲ್ಲಿ ಇಂಥ ಕಾನೂನುಗಳಿಗೆ ಬಲಿಯಾದವರು 60,000ಕ್ಕೂ ಹೆಚ್ಚು. ನಾಜಿ ಜರ್ಮನಿ 1933ರಲ್ಲಿ ಮಾಡಿದ ಕಾನೂನಿನ ಪಟ್ಟಿಯಲ್ಲಿ ಹುಟ್ಟುಕುರುಡು, ಹುಟ್ಟುಕಿವುಡು, ಅಪಸ್ಮಾರ ಎಲ್ಲವೂ ಇದ್ದವು. ಸುಮಾರು 4 ಲಕ್ಷ ಜನರ ಸಂತಾನಶಕ್ತಿ ಕಿತ್ತುಕೊಂಡರು. ನಮ್ಮ ಸುಪ್ರೀಂ ಕೋರ್ಟ್ 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ, ಅತ್ಯಾಚಾರಕ್ಕೊಳಗಾಗಿ ಬಸುರಾದ ಬುದ್ಧಿಮಾಂದ್ಯ ಯುವತಿಯೊಬ್ಬಳು ಮಗು ಬೇಕೆಂದಾಗ ಗರ್ಭಪಾತದ ಆದೇಶವನ್ನು ತಡೆಹಿಡಿದು, ಹೆರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು.

‘ನೋಡಿಕೊಳ್ಳುವವರು ಯಾರು’ ಎಂಬ ಅಮ್ಮನ ಪ್ರಶ್ನೆಗೂ ಉತ್ತರವಿದೆ. ಮಗು ಅತ್ತಾಗ ದೀಪ ಮಿನುಗಿಸುವ, ದಿಂಬಿನಡಿ ಅದುರುವ ಉಪಕರಣಗಳು ಸಿಗುತ್ತವೆ. ಹುಟ್ಟಿದ ತಿಂಗಳೊಳಗೆ ಮಗುವಿನ ಕಿವಿ ತಪಾಸಿಸುವ ಓಎಇ ಪರೀಕ್ಷೆ, ದೋಷ ಕಂಡರೆ ಮೂರು ತಿಂಗಳೊಳಗೆ ಖಚಿತ ತಪಾಸಣೆ, ಆರು ತಿಂಗಳೊಳಗೆ ಶ್ರವಣಯಂತ್ರ, ತರಬೇತಿ ಶುರುವಾಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವೆಲ್ಲ ಇವೆ. ಮಗುವಿಗೆ ಕಿವಿ ಕೇಳಿಸಿದರೆ ಸನ್ನೆ ತಂದೆತಾಯಿಯಿಂದಲೇ ಬರುತ್ತದೆ. ಮಾತಿಗಾಗಿ ಅಜ್ಜಿ ದಿನವೂ ಕೆಲ ಹೊತ್ತು ಕೂತು ಕನ್ನಡದಲ್ಲಿ ಮಾತಾಡಿಸಲಿ.