‘ಸಹಕರಿಸುತ್ತಿಲ್ಲ’ ಎಂದು ಬರೆಯುವ ಮುನ್ನ

ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿಯೊಬ್ಬರ ಪತ್ರದ ಸಾರ:

“ಸಿಸೇರಿಯನ್ ಆಗಿ ಎರಡನೇ ದಿನದ ಬಾಣಂತಿ. ಬೆಳಿಗ್ಗೆ 8ಕ್ಕೆ ಕ್ಯಾಥೆಟರ್ ತೆಗೆದು ಡ್ರಿಪ್ ನಿಲ್ಲಿಸಿದ್ದರು. ಮಧ್ಯಾಹ್ನ 3ಕ್ಕೆ ನಾಡಿ 106, ಬಿಪಿ 110/70, ಮೈಕಾವು 99.6. ತುಟಿ ಒಣಗಿತ್ತು, ತಲೆನೋವು ಅಂದಳು. ಮೂತ್ರ ಒಂದೇ ಸಲ, ಅದೂ ಸ್ವಲ್ಪ. ಜೊತೆಗಿದ್ದ ಅಜ್ಜಿ ‘ನಂಜಾಗತೈತಿ’ ಎಂದು ನೀರು ಕೊಡಗೊಡಲಿಲ್ಲ. ಎಷ್ಟು ಹೇಳಿದರೂ ಕೇಳದಿದ್ದಾಗ ‘ನೀರು ಕುಡಿಯಲು ತಿಳಿಸಲಾಗಿದೆ, ಕುಟುಂಬ ಸಹಕರಿಸುತ್ತಿಲ್ಲ’ ಎಂದು ಬರೆದೆ. ರೋಗಿಯ ಸಂಸ್ಕೃತಿಯನ್ನು ಗೌರವಿಸಿ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಗೌರವಿಸಿದರೆ ಆಕೆಗೆ ನೀರಿಲ್ಲ, ಇಲ್ಲದಿದ್ದರೆ ಜಗಳ. ನಾನು ಏನು ಮಾಡಬೇಕಿತ್ತು?”

ಸಂಪಾದಕರ ಉತ್ತರ:

ಸೋದರಿ, ಆಕೆಗೆ ಮುಂದೇನಾಯಿತೆಂದು ನೀವು ಬರೆದಿಲ್ಲ. ಹಾಗಾಗಿ ಆ ಮಧ್ಯಾಹ್ನದ 3 ಗಂಟೆಯಲ್ಲೇ ನಿಂತು ಉತ್ತರಿಸುತ್ತೇವೆ. ಅಜ್ಜಿಯ ವಿಷಯಕ್ಕೆ ಆಮೇಲೆ ಬರೋಣ, ಮೊದಲು ನಾಡಿ ನೋಡೋಣ.

ಹೆರಿಗೆಯ ನಂತರದ ದಿನಗಳಲ್ಲಿ ಬಾಣಂತಿಯ ನಾಡಿ ಸಾಮಾನ್ಯವಾಗಿ ನಿಧಾನವಾಗುತ್ತದೆ. ಗರ್ಭಿಣಿಯಿದ್ದಾಗ ಮೈಯಲ್ಲಿ ಸೇರಿದ ನೀರೆಲ್ಲ ಹೊರಹೋಗುವ ಕಾಲವಾದ್ದರಿಂದ ಮೂತ್ರವೂ ಹೆಚ್ಚು. ನಿಮ್ಮ ಬಾಣಂತಿಯಲ್ಲಿ ಎರಡೂ ತಿರುವುಮುರುವಾಗಿವೆ. ಬಿಪಿ 110/70 ಇದೆಯೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಹರೆಯದ ಹೆಣ್ಣುಮಗಳ ದೇಹ ಸಾಕಷ್ಟು ರಕ್ತ ಕಳೆದುಕೊಂಡ ಮೇಲೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ: 106 ಭಾಗ 110, ಅಂದರೆ 0.96. ಬಾಣಂತಿಯರಲ್ಲಿ ಇದು 0.9 ಮುಟ್ಟಿದರೆ ಎಚ್ಚರವಾಗಬೇಕು. ಇಷ್ಟರಿಂದ ಕಾಯಿಲೆ ಯಾವುದೆಂದು ಗೊತ್ತಾಗುವುದಿಲ್ಲ, ಡ್ಯೂಟಿ ಡಾಕ್ಟರನ್ನು ಕರೆಯಬೇಕೆಂಬುದು ಮಾತ್ರ ಗೊತ್ತಾಗುತ್ತದೆ. ಪತ್ರದಲ್ಲಿ ಉಸಿರಾಟದ ಸಂಖ್ಯೆಯೇ ಇಲ್ಲ. ನಮ್ಮ ವಾರ್ಡುಗಳಲ್ಲಿ ಅದನ್ನು ಎಣಿಸದೆಯೇ 20 ಎಂದು ತುಂಬುವ ರೂಢಿ ಬಂದುಬಿಟ್ಟಿದೆ. ಸೋಂಕು ಮೈಗೇರುವಾಗ ಮೊದಲು ಬದಲಾಗುವುದು ಹೆಚ್ಚಾಗಿ ಅದೇ. ಪೂರ್ತಿ ಒಂದು ನಿಮಿಷ ಎಣಿಸಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಾಗಿದೆ. ‘ಅಜ್ಜಿ ನೀರು ಕೊಡುತ್ತಿಲ್ಲ, ಅದಕ್ಕೇ ಹೀಗಾಗಿದೆ’ ಎಂಬ ಕಾರಣ ಕಣ್ಣೆದುರಿಗೇ ಇತ್ತು. ಅದು ನಿಜವೂ ಇರಬಹುದು. ಆದರೆ ಕಾರಣ ಸಿಕ್ಕಿತೆಂದು ಅಲ್ಲಿಗೇ ಹುಡುಕಾಟ ನಿಲ್ಲಿಸಿದರೆ ರಕ್ತಸ್ರಾವ, ಸೋಂಕು, ಬಿಪಿಯ ತೊಂದರೆ ಎಲ್ಲವೂ ಅಜ್ಜಿಯ ಬೆನ್ನ ಹಿಂದೆ ಅಡಗಿಕೊಳ್ಳುತ್ತವೆ. ಮನೆಯ ರೂಢಿಯನ್ನು ತಿಳಿಯದ ನರ್ಸ್ ಎಡವುವಂತೆ, ಎಲ್ಲವನ್ನೂ ರೂಢಿಯ ತಲೆಗೆ ಕಟ್ಟುವ ನರ್ಸೂ ಎಡವುತ್ತಾಳೆ. ಎರಡನೆಯ ತಪ್ಪಿನ ಬಗ್ಗೆ ತರಗತಿಯಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ 3 ಗಂಟೆಗೆ ಮಂಚದ ಬಳಿ ಏನು ನೋಡಬೇಕಿತ್ತು? ಪರದೆ ಎಳೆದು ಮೊದಲು ಹೊಟ್ಟೆ ಮುಟ್ಟಬೇಕು. ಗರ್ಭಕೋಶ ಗಟ್ಟಿಯಾಗಿ ಹೊಕ್ಕುಳಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಸಿಗಬೇಕು. ಮೇಲಕ್ಕೆ ಸರಿದು ಬಲಕ್ಕೆ ವಾಲಿದ್ದರೆ ಮೂತ್ರಕೋಶ ತುಂಬಿ ತಳ್ಳುತ್ತಿರಬಹುದು. ಕ್ಯಾಥೆಟರ್ ತೆಗೆದು 6 ಗಂಟೆ ದಾಟಿರುವಾಗ ‘ಒಂದೇ ಸಲ, ಸ್ವಲ್ಪ’ ಎಂಬುದಕ್ಕೆ ಎರಡು ಅರ್ಥವಿದೆ: ಮೂತ್ರ ಉತ್ಪತ್ತಿಯೇ ಆಗುತ್ತಿಲ್ಲ, ಅಥವಾ ಕಟ್ಟಿಕೊಂಡು ತುಳುಕಿದ್ದಷ್ಟೇ ಹೊರಬಂದಿದೆ. ಎರಡನೆಯದಾದರೆ ತಂಬಿಗೆಗಟ್ಟಲೆ ನೀರು ಕುಡಿಸಿ ಇನ್ನಷ್ಟು ನೋಯಿಸುತ್ತೀರಿ. 50 ಕಿಲೋ ತೂಕದವಳಿಗೆ ಗಂಟೆಗೆ ಕನಿಷ್ಠ 25 ಮಿ.ಲೀ. ಮೂತ್ರ ಎಂದರೆ 7 ಗಂಟೆಗೆ 175. ‘ಸ್ವಲ್ಪ’ ಎಂದರೆ ಎಷ್ಟು ಎಂಬುದು ಅಳತೆಯ ಜಗ್ ಇಟ್ಟಿದ್ದರೆ ಮಾತ್ರ ತಿಳಿಯುತ್ತಿತ್ತು. ಆಮೇಲೆ ಪ್ಯಾಡ್: ಎಷ್ಟು ಬದಲಾದವು, ವಾಸನೆಯಿದೆಯೇ, ಪೃಷ್ಠದ ಕೆಳಗಿನ ಬಟ್ಟೆ ಒದ್ದೆಯೇ. ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದ್ದರೆ ಬಿಚ್ಚಿ ಗಾಯ ನೋಡಿ. ರಕ್ತ ಸೋರಿದ್ದರೆ ಆ ಬಟ್ಟೆಯೇ ಮುಚ್ಚಿಡುತ್ತದೆ. ಹೊಟ್ಟೆಯೊಳಗೆ ಸೋರುತ್ತಿದ್ದರೆ ಪ್ಯಾಡ್ ಒಣಗಿಯೇ ಇರುತ್ತದೆ, ಹೊಟ್ಟೆ ಉಬ್ಬಿ ನೋಯುತ್ತದೆ. ಆಪರೇಷನ್‌ಗೆ ಮೊದಲಿನ ಹಿಮೋಗ್ಲೋಬಿನ್ ಎಷ್ಟಿತ್ತೆಂದು ಕೇಸ್‌ಶೀಟ್ ತಿರುವಿ ನೋಡಿ. ರಕ್ತಹೀನತೆಯಿದ್ದವಳಿಗೆ ಸಣ್ಣ ನಷ್ಟವೂ ದೊಡ್ಡದು.

ತಲೆನೋವನ್ನು ಮಾತ್ರೆಗೆ ಬಿಟ್ಟುಬಿಡಬೇಡಿ. ಎದ್ದು ಕೂತರೆ ಹೆಚ್ಚಿ ಮಲಗಿದರೆ ಇಳಿಯುವುದು ಬೆನ್ನಿಗೆ ಕೊಟ್ಟ ಅರಿವಳಿಕೆಯ ತಲೆನೋವು. ಬಿಪಿ 140/90 ದಾಟಿ, ಕಣ್ಣು ಮಂಜಾಗಿ, ಎದೆಗುಂಡಿಗೆಯ ಕೆಳಗೆ ನೋವಿದ್ದರೆ ಪ್ರೀಎಕ್ಲಾಂಪ್ಸಿಯಾ ಎಂಬ ಬಿಪಿ ಏರುವ ಕಾಯಿಲೆ ಇರಬಹುದು. ಗರ್ಭಿಣಿಯಿದ್ದಾಗ ಬಿಪಿ ಸರಿಯಿದ್ದವರಿಗೂ ಹೆರಿಗೆಯಾದ ಮೇಲೆ ಅದು ಬರಬಹುದು. ಅದು ತೀವ್ರವಾಗಿದ್ದರೆ ವೈದ್ಯರೇ ದ್ರವವನ್ನು ಅಳೆದು ಮಿತಿ ಹಾಕುತ್ತಾರೆ. ಆದ್ದರಿಂದ ‘ನೀರು ಕುಡಿಸಿ’ ಎಂದು ಪಟ್ಟು ಹಿಡಿಯುವ ಮೊದಲು ಬಿಪಿ ಮತ್ತು ಆರ್ಡರ್ ಎರಡನ್ನೂ ನೋಡಿರಬೇಕು. ಇನ್ನು ದಿನೇದಿನೇ ಏರುವ, ಮಲಗಿದರೂ ಬಿಡದ, ವಾಂತಿ ತರುವ ತಲೆನೋವೆಂದರೆ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುತ್ತಿರಬಹುದು. ಬಾಣಂತಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚು, ನೀರಿನ ಕೊರತೆ ಅದಕ್ಕೆ ಒತ್ತಾಸೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯನ್ನು ದಶಕಗಳಿಂದ ಅಭ್ಯಾಸ ಮಾಡಿ ಬರೆದಿದ್ದಾರೆ.

ಈಗ ಅಜ್ಜಿಯ ವಿಷಯ.

ನೀವು ಅವರಿಗೆ ‘ಹೇಳಿದಿರಿ’, ‘ಎಷ್ಟೋ ಸಲ ಹೇಳಿದಿರಿ’. ಕೇಳಿದ್ದು ಪತ್ರದಲ್ಲೆಲ್ಲೂ ಕಾಣಲಿಲ್ಲ. “ಆಯಿ, ನೀರು ಯಾಕ ಬ್ಯಾಡ ಅಂತೀರಿ? ಕುಡದ್ರ ಏನಾಗತೈತಿ?” ಇಷ್ಟು ಸಾಕು. ‘ಹೊಲಿಗಿ ಕೀವು ಆಗತೈತಿ’, ‘ಹೊಟ್ಟಿ ಜೋಲ ಬೀಳತೈತಿ’, ‘ಕೂಸಿಗೆ ನೆಗಡಿ ಆಗತೈತಿ’ ಎಂಬ ಉತ್ತರಗಳಲ್ಲಿ ಒಂದಾದರೂ ಬರುತ್ತದೆ. ಮರುಪ್ರಶ್ನೆ ಇನ್ನೂ ಮುಖ್ಯ: “ತಣ್ಣೀರು ಬ್ಯಾಡೋ, ಬಿಸಿನೀರೂ ಬ್ಯಾಡೋ?” ಬಹಳ ಮನೆಗಳಲ್ಲಿ ನಿಷೇಧವಿರುವುದು ತಣ್ಣೀರಿಗೆ. ಕುದಿಸಿದ ಅಜವಾನದ ನೀರು, ಜೀರಿಗೆ ಕಷಾಯ, ಮೆಣಸಿನ ಸಾರು, ಹಾಲು, ಸಬ್ಬಸಿಗೆ ಹಾಕಿದ ತಿಳಿಸಾರು ಇವೆಲ್ಲ ಬಾಣಂತನದ ಒಳಗೇ ಇವೆ. ಮೈಗೆ ಬೇಕಿರುವುದು ದ್ರವ. ಅದು ಅಜವಾನದ ಕಂಪಿನೊಂದಿಗೆ ಹೋದರೆ ನಮಗೇನೂ ನಷ್ಟವಿಲ್ಲ.

ಒಪ್ಪಿದ ಮೇಲೆ ಅಳತೆ. ಮನೆಯವರು ತಂದ ಸ್ಟೀಲ್ ಲೋಟವನ್ನೇ ತೆಗೆದುಕೊಂಡು ವಾರ್ಡಿನ ಜಗ್ಗಿನಿಂದ ತುಂಬಿ ನೋಡಿ. ಕೆಲವು ಲೋಟ 150 ಹಿಡಿಯುತ್ತವೆ, ಕೆಲವು 250. 200 ಎಂದಿಟ್ಟುಕೊಂಡರೆ, ಕೂಸಿಗೆ ಹಾಲೂಡಿಸುವ ಮೊದಲು ಪ್ರತಿ ಸಲ ಒಂದು ಲೋಟ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ಹತ್ತು ಸಲವಾದರೂ 2 ಲೀಟರ್ ಆಯಿತು. ಗಂಜಿ, ಸಾರು, ಹಾಲು ಬೇರೆ. ಲೋಟಕ್ಕೊಂದು ಗೆರೆ ಹಾಕುವ ಕೆಲಸ ಅಜ್ಜಿಗೇ ಕೊಡಿ, ಹಳೆಯ ಕ್ಯಾಲೆಂಡರಿನ ಹಾಳೆ ಸಾಕು. ನೀವು ಎರಡು ಗಂಟೆಗೊಮ್ಮೆ ಗೆರೆಗಳನ್ನೂ ಮೂತ್ರದ ಜಗ್ಗನ್ನೂ ನಾಡಿಯನ್ನೂ ಒಟ್ಟಿಗೆ ನೋಡಿ. ಐದು ಲೋಟ ಇಳಿದ ಮೇಲೂ ನಾಡಿ ಇಳಿಯದಿದ್ದರೆ ಕಾರಣ ನೀರಿನ ಕೊರತೆಯೊಂದೇ ಅಲ್ಲ, ಮತ್ತೆ ಡಾಕ್ಟರನ್ನು ಕರೆಯಿರಿ.

ಇನ್ನೊಂದು, ಬಾಣಂತಿಯನ್ನು ಒಬ್ಬಳನ್ನೇ ಕೇಳಬೇಕು. ಹಿರಿಯರೆದುರು ಸೊಸೆ ಬಾಯಿ ಬಿಡುವುದಿಲ್ಲ. ಪ್ಯಾಡ್ ನೋಡುವ ನೆಪದಲ್ಲಿ ಅಜ್ಜಿಯನ್ನು ಪರದೆಯಾಚೆ ಕೂರಿಸಿ, “ಬಾಯಾರಿಕಿ ಆಗತೈತೇನವಾ?” ಎನ್ನಿ. ಎಷ್ಟೋ ಸಲ ಅವಳೇ ನೀರು ಬಿಟ್ಟಿರುತ್ತಾಳೆ. ಶೌಚಾಲಯ ವಾರ್ಡಿನ ಆ ತುದಿಗೆ, ಒಳಗೆ ಚಿಲಕವಿಲ್ಲ, ಕುಕ್ಕರಗಾಲಲ್ಲಿ ಕೂತರೆ ಹೊಲಿಗೆ ಹರಿದಂತೆ ನೋವು. ಪಾಪ ಅಜ್ಜಿಯ ಪಥ್ಯದ ಮೇಲೆ ಅಪವಾದ ಬರುತ್ತದೆ, ತಪ್ಪು ನಮ್ಮ ಶೌಚಾಲಯದ್ದು. ಅಲ್ಲಿ ಬೇಕಿರುವುದು ಹೊತ್ತಿಗೆ ಸರಿಯಾದ ನೋವಿನ ಔಷಧ, ಬೆಡ್‌ಪ್ಯಾನ್, ಕೈಹಿಡಿದು ನಡೆಸುವ ಒಬ್ಬ ಆಯಾ.

ಗೌರವದ ಪ್ರಶ್ನೆಗೆ ಅಮೆರಿಕದ ಶುಶ್ರೂಷಾ ತಜ್ಞೆ ಮ್ಯಾಡಲೀನ್ ಲೈನಿಂಗರ್ ತೋರಿಸಿದ ಮೂರು ದಾರಿಗಳು ಇಂದಿಗೂ ಕೆಲಸಕ್ಕೆ ಬರುತ್ತವೆ: ಒಳ್ಳೆಯದನ್ನು ಉಳಿಸು, ಮಧ್ಯದ್ದನ್ನು ಮಾತಾಡಿ ಹೊಂದಿಸು, ಕೇಡಿನದನ್ನು ಅವರ ಜೊತೆಗೂಡಿ ಬದಲಿಸು. ಬಾಣಂತಿಗೆ ತಿಂಗಳುಗಟ್ಟಲೆ ವಿಶ್ರಾಂತಿ, ಅಂಟಿನುಂಡೆ, ಅಳವಿ ಪಾಯಸ, ತಲೆಗೆ ಕಟ್ಟುವ ಬಟ್ಟೆ, ಇವುಗಳ ತಂಟೆಗೆ ಹೋಗಬೇಡಿ. ನೀರಿನದು ಹೊಂದಿಸುವ ವಿಷಯ. ಬರೀ ಬಿಳಿ ಅನ್ನ ಮತ್ತು ಸಾರಿನ ಪಥ್ಯವೂ ಹಾಗೆಯೇ: ಬೇಳೆ, ಕಾಳು ಬಿಟ್ಟು ಬಸಿದ ಅನ್ನವನ್ನೇ ಉಂಡ ತಾಯಂದಿರ ಹಾಲಿನಲ್ಲಿ ಥಯಾಮಿನ್ (ಬಿ1 ಜೀವಸತ್ವ) ಕಡಿಮೆಯಾಗಿ, ಎರಡು ಮೂರು ತಿಂಗಳ ಕೂಸುಗಳು ದನಿ ಒಡೆದು, ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದದ್ದನ್ನು ನಮ್ಮ ರಾಜ್ಯದ ಮಕ್ಕಳ ವೈದ್ಯರು ವರದಿ ಮಾಡಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವುದು, ಕೂಸಿನ ನಾಲಿಗೆಗೆ ಜೇನು, ಹೊಟ್ಟೆಗೆ ಬರೆ, ಇವು ಮೂರನೆಯ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ರಾಜಿಯಿಲ್ಲ, ಆದರೆ ಬೈಗುಳವೂ ಬೇಡ. ಬೈಸಿಕೊಂಡವರು ಮನೆಗೆ ಹೋಗಿ ಮಾಡುವುದನ್ನು ಮಾಡಿಯೇ ಮಾಡುತ್ತಾರೆ, ನಮಗೆ ತಿಳಿಸುವುದನ್ನು ಮಾತ್ರ ಬಿಡುತ್ತಾರೆ.

ನಿಮ್ಮ ಟಿಪ್ಪಣಿಯ ಮಾತಿಗೆ ಬರೋಣ. ‘ಸಹಕರಿಸುತ್ತಿಲ್ಲ’ ಎಂಬ ಪದದಿಂದ ರಾತ್ರಿ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ, ಅವರು ಆ ಮಂಚದ ಕಡೆ ಮುಖ ಗಂಟಿಕ್ಕಿಕೊಂಡೇ ಹೋಗುತ್ತಾರೆ. ಹೀಗೆ ಬರೆದು ನೋಡಿ: ‘8ರಿಂದ 3ರವರೆಗೆ ಬಾಯಿಯಿಂದ 150 ಮಿ.ಲೀ., ಮೂತ್ರ ಒಮ್ಮೆ, ಅಳೆದಿಲ್ಲ. ನಾಡಿ 106, ಬಿಪಿ 110/70, ಉಸಿರಾಟ 22. ಗರ್ಭಕೋಶ ಗಟ್ಟಿ, ಪ್ಯಾಡ್ ಎರಡು, ಗಾಯ ಒಣಗಿದೆ. ತಲೆನೋವು ಕೂತರೆ ಹೆಚ್ಚು. ತಣ್ಣೀರಿನಿಂದ ನಂಜಾಗುತ್ತದೆಂದು ಅಜ್ಜಿಯ ನಂಬಿಕೆ, ಬಿಸಿ ಅಜವಾನದ ನೀರಿಗೆ ಒಪ್ಪಿದ್ದಾರೆ. 3.20ಕ್ಕೆ ಡಾಕ್ಟರಿಗೆ ತಿಳಿಸಿದೆ. 5ಕ್ಕೆ ಮತ್ತೆ ನೋಡಬೇಕು.’ ಒಳಗಿನ ಕೆಲವು ಅಂಕಿಗಳು ಮಾದರಿಗಾಗಿ ನಾವು ತುಂಬಿದವು. ನಿಮ್ಮವು ಮಂಚದ ಬಳಿ ಸಿಗುತ್ತವೆ.

ಡಿಸ್ಚಾರ್ಜ್ ದಿನ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ‘ಬಾಣಂತಿ ಸನ್ನಿ’ ಎಂಬ ಮಾತು ಅವರಿಗೆ ಚೆನ್ನಾಗಿ ಗೊತ್ತು. ಅಪಸ್ಮಾರ, ಜ್ವರದ ಕನವರಿಕೆ, ಮಿದುಳಿನ ಹೆಪ್ಪು, ಹೆರಿಗೆಯ ನಂತರದ ಮನೋವಿಕಾರ ನಾಲ್ಕಕ್ಕೂ ಮನೆಯಲ್ಲಿ ಅದೊಂದೇ ಹೆಸರು. ಆ ಪದವನ್ನೇ ಬಳಸಿ ಹೇಳಿ: “ಆಯಿ, ತಲಿನೋವು ದಿನಾ ಏರಿದ್ರ, ವಾಂತಿ ಆದ್ರ, ಕಣ್ಣು ಮಬ್ಬಾದ್ರ, ಕೈಕಾಲು ಸೆಳೆದ್ರ, ತಾನಾತಾನ ಮಾತಾಡಿದ್ರ ಅದು ಸನ್ನಿ ಸುರು ಆದಂಗ. ತಾಯತ ಆಮ್ಯಾಲೆ ಕಟ್ಟೂಣು, ಮೊದಲ 108ಕ್ಕ ಫೋನ್ ಮಾಡ್ರಿ.” ಅದನ್ನೇ ಅವರ ಬಾಯಿಂದ ಒಮ್ಮೆ ಹೇಳಿಸಿ, ಊರಿನ ಆಶಾ ಕಾರ್ಯಕರ್ತೆಗೂ ಫೋನಿನಲ್ಲಿ ತಿಳಿಸಿ ಕಳಿಸಿ. ಅವರ ಮನೆಭೇಟಿ 42ನೇ ದಿನದವರೆಗೂ ಇರುತ್ತದೆ.

— ಸಂಪಾದಕರು