ಕಹಿ ಕಡಿಮೆಯಾದರೆ ನೆಲಬೇವಿನ ಗುಣವೂ ಹೋಯಿತೇ?

ಪ್ರಶ್ನೆ: ನೆಲಬೇವಿನ ಎಲೆಯನ್ನು ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟಿದ್ದೆ. ವರ್ಷ ಕಳೆಯಿತು, ಈಗ ಮೊದಲಿನಷ್ಟು ಕಹಿ ಇಲ್ಲ. ಸತ್ವ ಹೋಯಿತೇ? ಹೆಚ್ಚು ಹೊತ್ತು ಕುದಿಸಿ ಕುಡಿದರೆ ಸರಿಹೋಗುತ್ತದೆಯೇ? ನಾನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ.
– ಓದುಗರೊಬ್ಬರು

ಉತ್ತರ: ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ. ಈ ಗಿಡದ ಕಹಿಗೆ ಮುಖ್ಯ ಕಾರಣ ಆಂಡ್ರೊಗ್ರಾಫೊಲೈಡ್ ಎಂಬ ರಾಸಾಯನಿಕ; ಅದು ಲ್ಯಾಕ್ಟೋನ್ ಎಂಬ ಗುಂಪಿಗೆ ಸೇರಿದ್ದು. 1911ರಲ್ಲೇ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದರು. ಕಾಂಡಕ್ಕಿಂತ ಎಲೆಯಲ್ಲಿ ಹೆಚ್ಚು; ಹೂ ಬಿಡಲು ತೊಡಗಿದಾಗ ಕೊಯ್ದರೆ ಇನ್ನೂ ಹೆಚ್ಚು. ಪುಡಿಯನ್ನು ಬಿಸಿ, ತೇವ ತಾಗುವಂತೆ ಬಹುಕಾಲ ಇಟ್ಟರೆ ಅದರ ಅಂಶ ಇಳಿಯುತ್ತಾ ಹೋಗುತ್ತದೆ.

ಹಾಗೆಂದು ಕಹಿಯೊಂದನ್ನೇ ನೆಚ್ಚಬೇಡಿ. ಕಿರಾತಕಡ್ಡಿಯೂ ಕಡುಕಹಿ, ಆದರೆ ಅದು ಬೇರೆಯೇ ಕುಟುಂಬದ ಗಿಡ, ಅದರ ಕಹಿ ಅಮರೊಜೆಂಟಿನ್ ಎಂಬ ಬೇರೆ ರಾಸಾಯನಿಕದ್ದು. ನೆಲಬೇವಿನಲ್ಲೇ ಇರುವ ನಿಯೋಆಂಡ್ರೊಗ್ರಾಫೊಲೈಡ್‌ಗೆ ಕಹಿಯೇ ಇಲ್ಲ, ಆದರೂ ಪ್ರಯೋಗಾಲಯದಲ್ಲಿ ಅದು ಉರಿಯೂತ ತಗ್ಗಿಸುತ್ತದೆ. ಆದ್ದರಿಂದಲೇ ನನ್ನ ವಿದ್ಯಾರ್ಥಿಗಳು ಪುಡಿಯನ್ನು ನೆಕ್ಕಿ ತೀರ್ಪು ಕೊಡಲು ಹೊರಟರೆ ನಾನು ಒಪ್ಪುವುದಿಲ್ಲ. ಸಿಲಿಕಾ ಲೇಪಿಸಿದ ಹಾಳೆಯ ಮೇಲೆ ಪುಡಿಯ ಸಾರದ ಒಂದು ಚುಕ್ಕೆ, ಪಕ್ಕದಲ್ಲಿ ಶುದ್ಧ ಆಂಡ್ರೊಗ್ರಾಫೊಲೈಡ್‌ನ ಒಂದು ಚುಕ್ಕೆ ಇಡಿಸುತ್ತೇನೆ. ಹಾಳೆಯ ತುದಿಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಅದು ಚುಕ್ಕೆಗಳಲ್ಲಿನ ರಾಸಾಯನಿಕಗಳನ್ನು ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಕೆಡ್ಡೆ ಕಾರಕ ಎಂಬ ಬಣ್ಣ ಬರಿಸುವ ದ್ರವ ಸಿಂಪಡಿಸಿದರೆ ಲ್ಯಾಕ್ಟೋನ್ ನಿಂತಿರುವ ಜಾಗ ನೇರಳೆಗೆ ತಿರುಗುತ್ತದೆ. ಬಣ್ಣ ಬೇಗ ಮಾಸುವುದರಿಂದ ತಕ್ಷಣ ಪೆನ್ಸಿಲ್‌ನಿಂದ ಸುತ್ತು ಹಾಕಬೇಕು. ಎರಡೂ ಚುಕ್ಕೆ ಒಂದೇ ಎತ್ತರದಲ್ಲಿದ್ದರೆ ಮಾತ್ರ ಪುಡಿಯಲ್ಲಿ ಆಂಡ್ರೊಗ್ರಾಫೊಲೈಡ್ ಇದೆಯೆಂಬ ಮಾತು.

ಹೆಚ್ಚು ಹೊತ್ತು ಕುದಿಸಿ ಪ್ರಯೋಜನವಿಲ್ಲ. ಆಂಡ್ರೊಗ್ರಾಫೊಲೈಡ್ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಬಲು ಕಡಿಮೆ. ಹಾಳಾದ ಅಂಶವಂತೂ ಕುದಿಸಿದರೆ ಮರಳುವುದಿಲ್ಲ. ಕುಡಿದದ್ದೂ ಪೂರ್ತಿ ರಕ್ತ ಸೇರುವುದಿಲ್ಲ: ಕರುಳಿನ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನ್ ಒಂದಷ್ಟನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದಷ್ಟು ಬೇರೆ ರಾಸಾಯನಿಕವಾಗಿ ಬದಲಾಗುತ್ತದೆ. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಇದು ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ತಡೆಯುವುದು ನಿಜ. ಆದರೆ ಗಾಜಿನ ತಟ್ಟೆಯಲ್ಲಿ ಸಿಕ್ಕ ಫಲಿತಾಂಶವನ್ನೇ ಹಿಡಿದು ‘ಸರ್ವರೋಗ ನಿವಾರಕ’ ಎಂದು ಚೀಟಿ ಅಂಟಿಸುವವರನ್ನು ಕಂಡರೆ ನನಗೆ ರೇಗುತ್ತದೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸ್ವಲ್ಪಮಟ್ಟಿನ ಆಧಾರ ಸಿಕ್ಕಿರುವುದು ನೆಗಡಿ, ಗಂಟಲು ನೋವಿನಂತಹ ತೊಂದರೆ ತಗ್ಗಿಸುವುದಕ್ಕೆ. ಅದೂ ಹೆಚ್ಚಾಗಿ ಆಂಡ್ರೊಗ್ರಾಫೊಲೈಡ್‌ನ ಪ್ರಮಾಣ ನಿಗದಿಪಡಿಸಿದ ಸಾರದಿಂದ.

ಮಾತ್ರೆಯ ವಿಷಯವನ್ನು ಕೊನೆಯಲ್ಲಿ ಬರೆದಿದ್ದೀರಿ. ಅದನ್ನೇ ಮೊದಲು ಬರೆಯಬೇಕಿತ್ತು. ಆಂಡ್ರೊಗ್ರಾಫೊಲೈಡ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಒಟ್ಟುಗೂಡುವುದನ್ನು ತಡೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ನಿಮ್ಮ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಕಷಾಯವನ್ನು ಇಂದೇ ನಿಲ್ಲಿಸಿ, ಇದುವರೆಗೆ ಕುಡಿದಿದ್ದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಹಳೆಯ ಪುಡಿಯನ್ನು ಗಿಡದ ಬುಡಕ್ಕೆ ಹಾಕಿ.